ಪಿಯುಸಿ ಸಾಕು ಅನ್ನೋ ಹುಡುಗನ ಲೆಕ್ಕ ಏನು?

ಪ್ರಶ್ನೆ: ನನ್ನ ಮಗ ಈ ಸಲ ಪಿಯುಸಿ ಪಾಸಾದ. ಡಿಗ್ರಿಗೆ ಸೇರು ಅಂದ್ರೆ "ಬೇಡಮ್ಮ, ಕೆಲಸಕ್ಕೆ ಹೋಗ್ತೀನಿ" ಅಂತಾನೆ. ಅವನ ಜೊತೆಯ ಹುಡುಗರದ್ದೂ ಅದೇ ಮಾತು. ನಮ್ಮ ಬೀದಿಯ ಹೆಣ್ಣುಮಕ್ಕಳೆಲ್ಲ ಬೆಳಗ್ಗೆ ಬ್ಯಾಗ್ ಹಾಕಿಕೊಂಡು ಕಾಲೇಜಿಗೆ ಹೊರಡ್ತಾರೆ. ಹುಡುಗರು ಮಾತ್ರ ಯಾಕೆ ಸರ್ ಕಾಲೇಜು ಬೇಡ ಅಂತಿದ್ದಾರೆ?

ಅಡ್ಮಿಷನ್ ಶುರುವಾಗುವ ಹೊತ್ತಿಗೆ ಈ ಪ್ರಶ್ನೆಯನ್ನು ಯಾರಾದರೂ ಕೇಳೇ ಕೇಳ್ತಾರೆ. ಹೆಚ್ಚಾಗಿ ತಾಯಂದಿರು. ನಾನು ತಾಲ್ಲೂಕು ಕೇಂದ್ರದ ಒಂದು ಡಿಗ್ರಿ ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡುತ್ತೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಕ್ಲಾಸಿನಲ್ಲಿ ಅರ್ಧಕ್ಕರ್ಧ ಹುಡುಗರಿರುತ್ತಿದ್ದರು. ಈಗ ಹಿಂದಿನ ಎರಡು ಮೂರು ಬೆಂಚು ಮಾತ್ರ ಅವರದ್ದು.

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಬಿಡುತ್ತೇನೆ. ಇಡೀ ದೇಶದ ಲೆಕ್ಕ ತೆಗೆದರೆ ಕಾಲೇಜಿಗೆ ಹೋಗುವ ಹುಡುಗರ ಸಂಖ್ಯೆ ಕಡಿಮೆ ಆಗಿಲ್ಲ. ಕೇಂದ್ರ ಶಿಕ್ಷಣ ಸಚಿವಾಲಯದ ಉನ್ನತ ಶಿಕ್ಷಣ ಸಮೀಕ್ಷೆ ಪ್ರಕಾರ 2014-15ರಲ್ಲಿ 3.42 ಕೋಟಿ ವಿದ್ಯಾರ್ಥಿಗಳಿದ್ದರು, ಅದರಲ್ಲಿ ಹುಡುಗಿಯರು 1.57 ಕೋಟಿ. 2021-22ಕ್ಕೆ ಒಟ್ಟು 4.33 ಕೋಟಿ, ಹುಡುಗಿಯರು 2.07 ಕೋಟಿ. ಅಂದರೆ ಹುಡುಗರೂ ಹೆಚ್ಚಿದ್ದಾರೆ, ಹುಡುಗಿಯರು ಅವರಿಗಿಂತ ಬೇಗ ಬೇಗ ಹೆಚ್ಚಿದ್ದಾರೆ. ವಿಜ್ಞಾನ ವಿಭಾಗದಲ್ಲಂತೂ ಆ ವರ್ಷ 29.8 ಲಕ್ಷ ಹುಡುಗಿಯರು, 27.4 ಲಕ್ಷ ಹುಡುಗರು. ಎಂಜಿನಿಯರಿಂಗ್, ಪಾಲಿಟೆಕ್ನಿಕ್, ಐಟಿಐಗಳಲ್ಲಿ ಇವತ್ತಿಗೂ ಹುಡುಗರೇ ಜಾಸ್ತಿ. ಹಾಗಾಗಿ ನಿಮ್ಮ ಊರಿನ ಬಿಎ, ಬಿಕಾಂ ಕ್ಲಾಸಿನಲ್ಲಿ ಕಾಣದ ಹುಡುಗರಲ್ಲಿ ಒಂದಷ್ಟು ಜನ ಬೇರೆ ಕಡೆ ಓದುತ್ತಿರುತ್ತಾರೆ. ನಾನು ಹೇಳಹೊರಟಿರುವುದು ಉಳಿದವರ ಬಗ್ಗೆ. ಎಲ್ಲೂ ಓದದೆ ಹೊರಗೆ ಹೋದವರ ಬಗ್ಗೆ.

ಅವರು ಕಳೆದುಹೋಗುವುದು ಡಿಗ್ರಿ ಕಾಲೇಜಿನ ಗೇಟಿನಲ್ಲಿ ಅಲ್ಲ, ಅದಕ್ಕೂ ಮೊದಲೇ. ನಮ್ಮ ರಾಜ್ಯದ 2024ರ ಎಸ್ಸೆಸ್ಸೆಲ್ಸಿ ಫಲಿತಾಂಶ ನೋಡಿ. ಹುಡುಗಿಯರು ಶೇ 81.11ರಷ್ಟು ಪಾಸು, ಹುಡುಗರು ಶೇ 65.90. ಮೂವರು ಹುಡುಗರಲ್ಲಿ ಒಬ್ಬ ಆಗಲೇ ಮುಗ್ಗರಿಸಿದ. ಅದೇ ವರ್ಷದ ದ್ವಿತೀಯ ಪಿಯುಸಿಯಲ್ಲಿ ಹುಡುಗಿಯರು ಶೇ 84.87, ಹುಡುಗರು ಶೇ 76.98. ಹತ್ತನೇ ಕ್ಲಾಸಿನಲ್ಲಿ ಗಣಿತ, ಇಂಗ್ಲಿಷ್ ಹೋದ ಹುಡುಗನಿಗೆ ಮನೆಯಲ್ಲಿ ಸಿಗುವ ಮಾತು ಒಂದೇ: "ಓದು ತಲೆಗೆ ಹತ್ತಲ್ಲ ಅಂದ್ರೆ ಕೆಲಸಕ್ಕಾದ್ರೂ ಹೋಗು." ಹದಿನಾರರ ವಯಸ್ಸಿನಲ್ಲಿ ಕೇಳಿದ ಆ ಮಾತನ್ನು ಅವನು ತೀರ್ಪು ಅಂತಲೇ ತಿಳಿಯುತ್ತಾನೆ. ಫೇಲಾದ ಹುಡುಗಿಗೂ ಬೈಗುಳ ಬೀಳುತ್ತದೆ. ಆದರೆ ಅವಳಿಗೆ ಮಾರನೇ ದಿನವೇ ಗ್ಯಾರೇಜಿನಲ್ಲಿ ಕೆಲಸ ಕೊಡುವವರು ಯಾರೂ ಇರುವುದಿಲ್ಲ.

ಪಾಸಾದವರ ಕಥೆ ಬೇರೆ. ಎರಡು ವರ್ಷದ ಹಿಂದೆ ನನ್ನ ಕ್ಲಾಸಿನ ಹುಡುಗನೊಬ್ಬ ಎರಡನೇ ಸೆಮಿಸ್ಟರ್ ನಡುವೆ ಟಿಸಿ ಕೇಳಲು ಬಂದ. ಒಳ್ಳೆ ಹುಡುಗ, ಲೆಕ್ಕದಲ್ಲಿ ಚುರುಕು. ಯಾಕಪ್ಪಾ ಅಂದೆ. "ಜೆಸಿಬಿ ಕಲೀತಿದೀನಿ ಸರ್. ಹೆಲ್ಪರ್ ಆಗಿ ಇದ್ರೆ 12 ಸಾವಿರ. ಗಾಡಿ ಕೈಗೆ ಕೊಟ್ರೆ 20ರ ಮೇಲೆ." ಸ್ವಲ್ಪ ಕೂರು ಅಂತ ಹೇಳಿ ಮಾತಾಡಿಸಿದೆ. ಅವನು ನನ್ನ ಟೇಬಲ್ ಮೇಲಿದ್ದ ಹಳೇ ಪ್ರಶ್ನೆಪತ್ರಿಕೆ ತಿರುಗಿಸಿ, ಹಿಂಬದಿಯಲ್ಲಿ ಬರೆದು ತೋರಿಸಿದ. 12 ಸಾವಿರ, ಗುಣಿಸು 36 ತಿಂಗಳು, 4,32,000. ಅದರ ಕೆಳಗೆ ಫೀಸು, ಬಸ್ಸು, ಪುಸ್ತಕದ ಖರ್ಚು. ಕೊನೆಗೆ "ಡಿಗ್ರಿ ಮುಗಿದ ಮೇಲೆ?" ಅಂತ ಬರೆದು ಅದರ ಮುಂದೆ ಏನೂ ಬರೆಯದೆ ಪೆನ್ನು ಇಟ್ಟ.

ಇದನ್ನೇ ನಾವು ಕ್ಲಾಸಿನಲ್ಲಿ ಅವಕಾಶ ವೆಚ್ಚ ಅಂತ ಪಾಠ ಮಾಡೋದು. ಒಂದನ್ನು ಆರಿಸಿಕೊಂಡಾಗ ಕೈಬಿಟ್ಟ ಇನ್ನೊಂದರ ಬೆಲೆ. ಅವನು ಸೋಮಾರಿ ಆಗಿರಲಿಲ್ಲ. ಮೊಬೈಲ್ ಹುಚ್ಚಿಗೆ ಬಿದ್ದವನೂ ಅಲ್ಲ. ಅಪ್ಪನ ಹೆಸರಿನಲ್ಲಿ ಸಂಘದ ಸಾಲ ಇತ್ತು, ತಂಗಿ ಪಿಯುಸಿಯಲ್ಲಿದ್ದಳು. "ಅವಳು ಓದಲಿ ಸರ್" ಅಂದ. ಈ ಮಾತನ್ನು ನಾನು ಬೇರೆ ಬೇರೆ ಹುಡುಗರ ಬಾಯಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಓದು ಬಿಟ್ಟದ್ದಕ್ಕೆ ಕಾರಣ ಕೇಳುವ ಸರ್ಕಾರಿ ಸಮೀಕ್ಷೆಗಳಲ್ಲೂ ಗಂಡುಮಕ್ಕಳ ಮೊದಲ ಉತ್ತರ ದುಡಿಮೆ, ಹೆಣ್ಣುಮಕ್ಕಳದ್ದು ಮನೆಗೆಲಸ.

ಗಂಡು ದುಡಿಯಬೇಕು ಅನ್ನುವುದು ನಮ್ಮ ಮನೆಗಳಲ್ಲಿ ಯಾರೂ ಬಾಯಿಬಿಟ್ಟು ಹೇಳದ ನಿಯಮ. ಹದಿನೆಂಟು ತುಂಬಿದ ಮಗ ಮನೆಯಲ್ಲಿ ಕೂತರೆ ನೆಂಟರು ಕೇಳುವ ಮೊದಲ ಪ್ರಶ್ನೆ "ಏನ್ ಮಾಡ್ತಿದ್ದಾನೆ?" ಅಲ್ವಾ? ಹುಡುಗಿಗೆ ಕಾಲೇಜು ಬೇರೆಯದೇ ಅರ್ಥ ಕೊಡುತ್ತದೆ. ಓದ್ತಿದ್ದಾಳೆ ಅಂದರೆ ಮದುವೆ ಮಾತು ಮೂರು ವರ್ಷ ಮುಂದೆ ಹೋಗುತ್ತದೆ. ಮನೆಯಿಂದ ಹೊರಗೆ ಕಾಲಿಡಲು, ಗೆಳತಿಯರ ಜೊತೆ ಕೂರಲು, ನಾಳೆ ತನ್ನ ಕಾಲ ಮೇಲೆ ನಿಲ್ಲಲು ಅವಳಿಗಿರುವ ದಾರಿ ಅದೊಂದೇ. ಹಾಗಾಗಿ ಅವಳು ಆ ಸೀಟನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾಳೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ ಖರ್ಚೂ ತಪ್ಪಿತು. ಹುಡುಗಿಯರು ಮುಂದೆ ಬಂದದ್ದರಿಂದಲೇ ಹುಡುಗರು ಹಿಂದೆ ಬಿದ್ದರು ಅಂತ ಕೆಲವರು ವಾದ ಮಾಡುತ್ತಾರೆ. ಅದನ್ನು ನಾನು ಒಪ್ಪುವುದಿಲ್ಲ. ನನ್ನ ಕ್ಲಾಸಿನಲ್ಲಿ ಇನ್ನೂ ಬೆಂಚುಗಳು ಖಾಲಿಯೇ ಇವೆ. ಹುಡುಗರ ಜಾಗವನ್ನು ಯಾರೂ ಕಿತ್ತುಕೊಂಡಿಲ್ಲ.

ಇನ್ನು ಆ ಹುಡುಗ ಖಾಲಿ ಬಿಟ್ಟ ಸಾಲಿಗೆ ಬರೋಣ. ಡಿಗ್ರಿ ಮುಗಿದ ಮೇಲೇನು? ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ 2023ರಲ್ಲಿ ಹೊರತಂದ ಉದ್ಯೋಗ ವರದಿಯಲ್ಲಿ ಒಂದು ಅಂಕಿ ಇದೆ. ದುಡಿಯಲು ಹೊರಟ 25 ವರ್ಷದೊಳಗಿನ ಪದವೀಧರರಲ್ಲಿ ಶೇ 42ಕ್ಕೂ ಹೆಚ್ಚು ಮಂದಿಗೆ ಕೆಲಸ ಸಿಕ್ಕಿರಲಿಲ್ಲ. ಹುಡುಗರು ಈ ವರದಿ ಓದಿರುವುದಿಲ್ಲ. ಆದರೆ ಊರಿನ ಕಟ್ಟೆ ಮೇಲೆ ಬಿಎ ಮುಗಿಸಿ ಕೂತ ಅಣ್ಣಂದಿರನ್ನು ದಿನಾ ನೋಡುತ್ತಾರೆ. ಎಂಎ ಮಾಡಿ, ಉಪನ್ಯಾಸಕರ ಅರ್ಹತಾ ಪರೀಕ್ಷೆ ನೆಟ್ ಪಾಸಾಗಿ, ಮುಂದಿನ ವರ್ಷ ಕೆಲಸ ಇರುತ್ತೋ ಇಲ್ಲವೋ ಗೊತ್ತಿಲ್ಲದೆ ಪಾಠ ಮಾಡುವ ಅತಿಥಿ ಉಪನ್ಯಾಸಕರನ್ನೂ ನೋಡುತ್ತಾರೆ. ಓದಿ ಮುಂದೆ ಬನ್ನಿ ಅಂತ ಹೇಳುವವರ ಸ್ಥಿತಿಯೇ ಹೀಗಿರುವಾಗ ಆ ಮಾತಿಗೆ ತೂಕ ಎಲ್ಲಿಂದ ಬರಬೇಕು? ಇದರ ಮೇಲೆ ನಮ್ಮ ರಾಜ್ಯದಲ್ಲಿ ಡಿಗ್ರಿ 2021-22ರಲ್ಲಿ ನಾಲ್ಕು ವರ್ಷದ ಪದ್ಧತಿಗೆ ಹೋಯಿತು, 2024-25ರಲ್ಲಿ ಮತ್ತೆ ಮೂರಕ್ಕೆ ಬಂತು. ನಡುವೆ ಸಿಕ್ಕಿಕೊಂಡ ಮಕ್ಕಳ ಗೊಂದಲಕ್ಕೆ ಉತ್ತರ ಹೇಳಲು ನಮಗೇ ಕಷ್ಟವಾಗುತ್ತಿತ್ತು.

ಇದು ನಮ್ಮಲ್ಲಿ ಮಾತ್ರ ಅಂದುಕೊಳ್ಳಬೇಡಿ. ಅಮೆರಿಕದಲ್ಲಿ ನಾಲ್ಕು ವರ್ಷದ ಕಾಲೇಜುಗಳಲ್ಲಿ ಓದುವ 18ರಿಂದ 24 ವಯಸ್ಸಿನವರಲ್ಲಿ ಗಂಡುಮಕ್ಕಳ ಪಾಲು 2011ರಲ್ಲಿ ಶೇ 47 ಇತ್ತು, 2022ಕ್ಕೆ ಶೇ 42ಕ್ಕೆ ಇಳಿಯಿತು. ಅಲ್ಲಿ ಫೀಸಿನ ಸಾಲದ ಭಯ ದೊಡ್ಡದು. ಆದರೂ ಲೆಕ್ಕದ ಬಗೆ ಹೆಚ್ಚುಕಡಿಮೆ ಇದೇ.

ಹಾಗಾದರೆ ಹುಡುಗರ ಲೆಕ್ಕ ಸರಿ ಅಂತೀರಾ ಸರ್ ಅಂತ ನೀವು ಕೇಳಬಹುದು. ಅರ್ಧ ಸರಿ. ಅವರು ಮೂರು ವರ್ಷಕ್ಕೆ ಲೆಕ್ಕ ಹಾಕುತ್ತಾರೆ, ಮೂವತ್ತು ವರ್ಷಕ್ಕೆ ಹಾಕುವುದಿಲ್ಲ. ಅದೇ ಅಜೀಂ ಪ್ರೇಮ್‌ಜಿ ವರದಿ ನೋಡಿದರೆ, 35 ದಾಟಿದ ಪದವೀಧರರಲ್ಲಿ ನಿರುದ್ಯೋಗ ಶೇ 5ಕ್ಕಿಂತ ಕಡಿಮೆ. ಕೆಲಸ ತಡವಾಗಿ ಸಿಗುತ್ತದೆ, ಆದರೆ ಸಿಗುತ್ತದೆ. ಜೆಸಿಬಿ, ಡೆಲಿವರಿ, ಗಾರೆ ಕೆಲಸದಲ್ಲಿ ಮೊದಲ ದಿನದಿಂದಲೇ ದುಡ್ಡು ಬರುತ್ತದೆ. ಮಳೆಗಾಲದಲ್ಲಿ ಕೆಲಸ ನಿಲ್ಲುತ್ತದೆ, ಸೊಂಟ ಹಿಡಿದರೆ ಆದಾಯ ನಿಲ್ಲುತ್ತದೆ, ಹತ್ತು ವರ್ಷ ಆದ ಮೇಲೂ ಕೂಲಿ ಅಲ್ಲೇ ಆಸುಪಾಸು. ಇನ್ನು ಬಾಗಿಲು ಮುಚ್ಚುವ ವಿಷಯ. ಪೊಲೀಸ್ ಕಾನ್‌ಸ್ಟೆಬಲ್, ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕ), ಗ್ರಾಮ ಆಡಳಿತಾಧಿಕಾರಿ ಹುದ್ದೆಗೆ ಪಿಯುಸಿ ಸಾಕು. ಪಿಎಸ್‌ಐ, ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ), ಕೆಎಎಸ್, ಬ್ಯಾಂಕ್ ಕ್ಲರ್ಕ್ ಆಗಬೇಕು ಅಂದರೆ ಡಿಗ್ರಿ ಬೇಕೇ ಬೇಕು. ಇಪ್ಪತ್ತೈದರಲ್ಲಿ ಆಸೆ ಬಂದಾಗ ಸರ್ಟಿಫಿಕೇಟ್ ಇರುವುದಿಲ್ಲ. ಮದುವೆ ವಿಷಯವೂ ಇದಕ್ಕೆ ಸೇರಿಕೊಂಡಿದೆ. 2023ರ ಫೆಬ್ರುವರಿಯಲ್ಲಿ ಮಂಡ್ಯ ಭಾಗದ ಮದುವೆಯಾಗದ ಯುವಕರು ಹೆಣ್ಣು ಸಿಗಲೆಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದದ್ದು ನಿಮಗೂ ನೆನಪಿರಬಹುದು. ಆ ಹುಡುಗರ ನೋವು ನಿಜ. ಡಿಗ್ರಿ ಓದಿದ ಹುಡುಗಿ ತನಗಿಂತ ಕಡಿಮೆ ಓದಿದವನನ್ನು ಒಪ್ಪಲು ಯೋಚಿಸುತ್ತಾಳೆ, ಆ ಹುಡುಗಿಯದೂ ತಪ್ಪಲ್ಲ.

ನಿಮ್ಮ ಮಗನ ವಿಷಯಕ್ಕೆ ಬಂದರೆ, ಜಗಳ ಮಾಡಬೇಡಿ. ಅವನ ಲೆಕ್ಕವನ್ನು ಒಂದು ಹಾಳೆ ಮೇಲೆ ಬರೆಸಿ, ಪಕ್ಕದಲ್ಲಿ ಹತ್ತನೇ ವರ್ಷದ ಸಾಲು ಸೇರಿಸಿ. ಅವನಿಗೆ ಓದಿನಲ್ಲಿ ಆಸಕ್ತಿ ಇಲ್ಲ, ಕೈಕೆಲಸ ಇಷ್ಟ ಅಂದರೆ ಬಿಕಾಂಗೆ ಸುಮ್ನೆ ತಳ್ಳಬೇಡಿ. ಎರಡು ವರ್ಷದ ಐಟಿಐ ಮಾಡಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ, ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ನೇರ ಸೇರಬಹುದು. ದುಡಿಯಲೇಬೇಕು ಅನ್ನುವ ಸ್ಥಿತಿ ಇದ್ದರೆ ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಲ್ಲಿ ದುಡಿಯುತ್ತಲೇ ಡಿಗ್ರಿ ಮಾಡಬಹುದು. ಅವನ ಗೆಳೆಯರಲ್ಲಿ ಫೇಲಾದವರಿದ್ದರೆ ಅವರಿಗೂ ಹೇಳಿ, ಎಸ್ಸೆಸ್ಸೆಲ್ಸಿ, ಪಿಯುಸಿಗೆ ಈಗ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ.

ಒಂದು ವೇಳೆ ಸೇರಿ, ನಡುವೆ ಬಿಡುವ ಹಾಗಾದರೆ ಆತುರದಲ್ಲಿ ಟಿಸಿ ತೆಗೆದುಕೊಳ್ಳುವುದು ಬೇಡ. ಪಾಸಾದ ಸೆಮಿಸ್ಟರ್‌ಗಳು ಎಷ್ಟು ವರ್ಷದ ತನಕ ಉಳಿಯುತ್ತವೆ ಅಂತ ಮೊದಲು ಕಾಲೇಜಿನ ಆಫೀಸಿನಲ್ಲಿ ಕೇಳಿ, ಬರೆಸಿಕೊಳ್ಳಿ. ಆವತ್ತು ನಾನು ಆ ಹುಡುಗನಿಗೆ ಹೇಳಿದ್ದೂ ಇದನ್ನೇ. ಟಿಸಿ ಅರ್ಜಿ ಅಲ್ಲೇ ಬಿಟ್ಟು ಜೆಸಿಬಿ ಕೆಲಸಕ್ಕೆ ಹೋದ. ಹೋದ ತಿಂಗಳು ಫೋನ್ ಮಾಡಿದ್ದ: "ಸರ್, ಮೊದಲ ಸೆಮಿಸ್ಟರ್ ಮಾರ್ಕ್ಸ್ ಕಾರ್ಡ್ ಇನ್ನೂ ನಡಿಯುತ್ತಾ?"