ಆಲ್ಟೋ: ಹೆಸರಿಗೆ ಎತ್ತರ, ದನಿಗೆ ತಗ್ಗು

ಡಿಸೆಂಬರ್ ಬಂತೆಂದರೆ ಬೀದರಿನ ಚರ್ಚುಗಳಲ್ಲಿ ಸಂಜೆ ಕ್ವಾಯರ್, ಅಂದರೆ ಗುಂಪು ಹಾಡಿನ, ಪ್ರಾಕ್ಟೀಸ್ ಶುರು. ಹೊಸದಾಗಿ ಬಂದ ಹುಡುಗಿಗೆ "ನೀ ಆಲ್ಟೋ ಕಡೆ ನಿಲ್ಲವ್ವ" ಅಂದರೆ ಸಾಕು, ಮುಖ ಸಣ್ಣದಾಗುತ್ತದೆ. ಮೇಲಿನ ದನಿ ಬರಲ್ಲ ಅಂತ ತಗ್ಗು ದನಿಯವರ ಜೊತೆ ಹಿಂದಕ್ಕೆ ಹಾಕಿದರು ಅಂದುಕೊಳ್ಳುತ್ತಾಳೆ. ನಾನೂ ಆಲ್ಟೋ ಹಾಡುವವಳೇ, ನನಗೂ ಹಾಗೇ ಅನಿಸಿತ್ತು.

ನಮ್ಮ ಕಡೆ ಭಜನೆಯಲ್ಲಿ ಒಬ್ಬರು ಮುಂದೆ ಹೇಳುತ್ತಾರೆ, ಉಳಿದವರು ಅದನ್ನೇ ಎತ್ತಿಕೊಳ್ಳುತ್ತಾರೆ. ಎಷ್ಟು ಮಂದಿ ಕೂತರೂ ಧಾಟಿ ಒಂದೇ. ನಾಲ್ಕು ಪಾರ್ಟಿನ, ಅಂದರೆ ನಾಲ್ಕು ದನಿಯ, ಕ್ವಾಯರ್ ಹಾಗಲ್ಲ. ಮಾತು ಒಂದೇ, ಆದರೆ ಒಂದೊಂದು ಗುಂಪಿಗೆ ಒಂದೊಂದು ಧಾಟಿ. ಹೆಂಗಸರಲ್ಲಿ ಮೇಲಿನದು ಸೊಪ್ರಾನೊ, ಕೆಳಗಿನದು ಆಲ್ಟೋ. ಗಂಡಸರಲ್ಲಿ ಟೆನರ್ ಮತ್ತು ಬೇಸ್.

ಇಟಾಲಿಯನ್ ಭಾಷೆಯಲ್ಲಿ ಆಲ್ಟೋ ಅಂದರೆ ಎತ್ತರ. ಹಾಗಾದರೆ ತಗ್ಗು ದನಿಗೆ ಈ ಹೆಸರು ಯಾಕೆ? ಹಳೆಯ ಯುರೋಪಿನ ಚರ್ಚ್ ಸಂಗೀತದಲ್ಲಿ ಮೂಲ ಧಾಟಿಯನ್ನು ಉದ್ದುದ್ದ ಸ್ವರಗಳಲ್ಲಿ ಹಿಡಿದು ನಿಲ್ಲುವ ದನಿ ಟೆನರ್, ಲ್ಯಾಟಿನ್ನಿನ 'ಹಿಡಿ' ಅನ್ನುವ ಮಾತಿನಿಂದಲೇ ಆ ಹೆಸರು. ಅದಕ್ಕೆ ಎದುರಾಗಿ ಹಾಡುವ ದನಿ ಕಾಂಟ್ರಾಟೆನರ್. 15ನೇ ಶತಮಾನದಲ್ಲಿ ಈ ಕಾಂಟ್ರಾಟೆನರ್ ಎರಡಾಯಿತು. ಟೆನರಿಗಿಂತ ಮೇಲಿನದು ಆಲ್ಟಸ್ (ಇದೇ ಇಟಾಲಿಯನ್ನಿನ ಆಲ್ಟೋ), ಕೆಳಗಿನದು ಬಾಸುಸ್ (ಇದೇ ಬೇಸ್). ಆಗ ಚರ್ಚಿನಲ್ಲಿ ಹಾಡುತ್ತಿದ್ದವರು ಹೆಚ್ಚಾಗಿ ಗಂಡಸರು, ಹುಡುಗರು. ಗಂಡಸಿನ ಗಂಟಲಿಗೆ ಆಲ್ಟಸ್ ನಿಜಕ್ಕೂ ಎತ್ತರವೇ. ಮುಂದೆ ಆ ಪಾರ್ಟು ಹೆಂಗಸರ ಕೈಗೆ ಬಂತು, ಅವರ ಗಂಟಲಿಗೆ ಅದು ತಗ್ಗಾಯಿತು, ಹೆಸರು ಮಾತ್ರ ಹಾಗೇ ಉಳಿಯಿತು.

ಈ ಪಾರ್ಟಿನ ಕೆಲಸ ಏನು ಅಂತ ಹಾರ್ಮೋನಿಯಂ ಮೇಲೇ ನೋಡಬಹುದು. ಬೇಸ್ 'ಸ' ಹಿಡಿದಿದೆ, ಸೊಪ್ರಾನೊ 'ಪ'ದಲ್ಲಿದೆ ಅನ್ನಿ. ಬರೀ ಇವೆರಡೇ ಇದ್ದರೆ ನಾದ ಖಾಲಿ ಖಾಲಿ. ಇಂಥ ಕಡೆ ನಡುವಿನ 'ಗ' ಎಷ್ಟೋ ಸಲ ಆಲ್ಟೋ ಪಾಲಿಗೆ ಬರುತ್ತದೆ. ಶುದ್ಧ ಗ ಹಾಡಿದರೆ ಇಡೀ ಹಾಡು ಬೆಳಗುತ್ತದೆ, ಅದಕ್ಕಿಂತ ಸ್ವಲ್ಪ ತಗ್ಗಿನ ಕೋಮಲ ಗ ಹಾಡಿದರೆ ಎದೆ ಭಾರವಾಗುತ್ತದೆ. ಉಳಿದವರು ಒಂದು ಸ್ವರವನ್ನೂ ಬದಲಿಸಿರುವುದಿಲ್ಲ! ಇದು ನನಗೆ ಗೊತ್ತಾದ ದಿನ ಹಿಂದಿನ ಸಾಲಿನ ಬೇಸರ ಹೋಯಿತು.

ಕಷ್ಟ ಇರುವುದು ಬೇರೆ ಕಡೆ. ಆಲ್ಟೋ ಸಾಲು ಒಂದೇ ಸ್ವರದ ಮೇಲೆ ನಾಲ್ಕೈದು ಅಕ್ಷರ ನಿಂತುಬಿಡುತ್ತದೆ, ಮನೆಯಲ್ಲಿ ಒಬ್ಬರೇ ಹಾಡಿಕೊಂಡರೆ ಹಾಡು ಅಂತಲೇ ಅನಿಸಲ್ಲ, ಇನ್ನು ಎಲ್ಲರ ಜೊತೆ ನಿಂತರೆ ಕಿವಿ ಸುಮ್ನೆ ಸೊಪ್ರಾನೊ ಕಡೆ ಜಾರುತ್ತದೆ. ಚಿಕ್ಕಂದಿನಿಂದ ಒಂದೇ ಧಾಟಿ ಎತ್ತಿಕೊಂಡು ಬೆಳೆದ ನಮಗೆ ಇದು ಇನ್ನೂ ಜಾಸ್ತಿ. ಮೊದಲು ನಿಮ್ಮ ಸಾಲನ್ನು ಹಾರ್ಮೋನಿಯಂ ಜೊತೆ ಬಾಯಿ ಮುಚ್ಚಿ ಗುನುಗಿ, ಆಮೇಲೆ ಬೇಸ್ ಜೊತೆ, ಕೊನೆಗೆ ಸೊಪ್ರಾನೊ ಜೊತೆ ಹಾಡಿ. ಮೊದಲ ವಾರ ಹಳೆಯ ಆಲ್ಟೋ ಅಕ್ಕನ ಪಕ್ಕದಲ್ಲೇ ನಿಲ್ಲಿ.