ಐರಿಸ್ ಗೆಡ್ಡೆ ಶುಂಠಿಯಲ್ಲ, ಹೂಳಬೇಡಿ

ಜೂನ್ ಬಂತೆಂದರೆ ನನಗೆ ಫೋನ್ ಶುರು. "ಐರಿಸ್ ಹೂವಿನ ಗೆಡ್ಡೆ ನೆಟ್ಟು ಮೂರು ವರ್ಷ ಆಯ್ತು, ಬರೀ ಎಲೆ. ಒಂದು ಹೂವೂ ಇಲ್ಲ." ನ್ಯೂಜೆರ್ಸಿಯಲ್ಲಿ ಮನೆತೋಟ ಮಾಡಿಕೊಡುವುದು ನನ್ನ ಕೆಲಸ. ನಮ್ಮ ಕನ್ನಡದವರ ಮನೆಗಳೇ ಜಾಸ್ತಿ. ಮೇ ತಿಂಗಳಲ್ಲಿ ಮಾಂಟ್‌ಕ್ಲೇರ್‌ಗೆ ಹೋಗಿ, 1927ರಲ್ಲಿ ಶುರುವಾದ ಪ್ರೆಸ್ಬಿ ಐರಿಸ್ ತೋಟ ನೋಡಿ ಬರುತ್ತಾರೆ. ಹಳೇ ತಳಿ ಬೇಕು ಅನ್ನುತ್ತಾರೆ. ನಾನು ಮದಾಂ ಶೆರೋ ಕೊಡುತ್ತೇನೆ. ಫ್ರಾನ್ಸ್‌ನ ಲೆಮೋನ್ ಎಂಬ ತೋಟಗಾರ 1844ರಲ್ಲಿ ಹೊರತಂದ ಗಡ್ಡದ ಐರಿಸ್ ಅದು, ಅಂದರೆ ಕೆಳ ಎಸಳಿನ ಮೇಲೆ ಗಡ್ಡದ ಹಾಗೆ ರೋಮ ಇರುವ ಜಾತಿ. ಬಿಳಿ ಎಸಳು, ಅಂಚಿಗೆ ನೀಲಿ ಗೆರೆ. ಹತ್ತಿರ ಹಿಡಿದು ನೋಡಿ, ಅಂಚು ಒಂದೇ ಬಣ್ಣವಲ್ಲ. ನಿಬ್ಬಿನಿಂದ ಒಂದೊಂದಾಗಿ ಎಳೆದ ಹಾಗೆ ಸಣ್ಣ ಸಣ್ಣ ಗೀರು.

ಇಷ್ಟು ವರ್ಷ ಉಳಿದು ಬಂದ ಗಿಡವನ್ನು ನಾವು ಮಣ್ಣು ಮುಚ್ಚಿ ಹೂ ಬಿಡದ ಹಾಗೆ ಮಾಡುತ್ತೇವೆ, ಕೊನೆಗೆ ಕೊಲ್ಲುತ್ತೇವೆ.

ಗೆಡ್ಡೆಯ ಬೆನ್ನು ಮಣ್ಣಿನ ಮೇಲೆ ಕಾಣಲೇಬೇಕು. ಗುಂಡಿಯ ನಡುವೆ ಸಣ್ಣ ದಿಬ್ಬ ಮಾಡಿ, ಗೆಡ್ಡೆಯನ್ನು ಅದರ ಮೇಲೆ ಕೂರಿಸಿ. ಬೇರನ್ನು ಎರಡೂ ಕಡೆ ಇಳಿಬಿಟ್ಟು, ಬೇರಿಗೆ ಮಾತ್ರ ಮಣ್ಣು ಹಾಕಿ. ಕೆರೆದಂಡೆಯಲ್ಲಿ ಬಿಸಿಲು ಕಾಯುವ ಆಮೆಯ ಹಾಗೆ ಅದು ಕೂತಿರಬೇಕು. ಬೇಸಿಗೆ ತುಂಬಾ ಸುಡುವ ಕಡೆ ಮೇಲೊಂದು ತೆಳು ಮಣ್ಣು ಉದುರಿಸಬಹುದು, ಅಷ್ಟೇ. ತೊಗಟೆಯ ಚೂರು, ಎಲೆಗೊಬ್ಬರ ಯಾವುದನ್ನೂ ಅದರ ಮೇಲೆ ಹರಡಬೇಡಿ. ಆರು ಗಂಟೆ ಬಿಸಿಲು ಬೇಕು, ನೀರು ನಿಲ್ಲಬಾರದು. ನೆಡಲು ಜುಲೈ ಕೊನೆಯಿಂದ ಸೆಪ್ಟೆಂಬರ್ ಸರಿಯಾದ ಕಾಲ.

ಒಂದು ಮನೆಯಲ್ಲಿ ಸೊರಬದ ಕಡೆಯ ಅಮ್ಮ ಮಗಳ ಜೊತೆ ಇರಲು ಬಂದಿದ್ದರು. ಊರಲ್ಲಿ ಶುಂಠಿ ಬೆಳೆದ ಕೈ. ನಾನು ನೆಟ್ಟು ಹೋದ ಮೇಲೆ, "ಅಯ್ಯೋ, ಗೆಡ್ಡೆ ಹೊರಗೆ ಬಿಟ್ಟಿದ್ದಾರಲ್ಲ" ಅಂತ ಬುಟ್ಟಿಗಟ್ಟಲೆ ಮಣ್ಣು ಏರಿಸಿದ್ದಾರೆ. ಎರಡು ಹೊತ್ತೂ ನೀರು. ಶುಂಠಿಗಾದರೆ ಮಣ್ಣು ಏರಿಸುವುದು ಸರಿಯಾದ ಕೆಲಸವೇ. ನಾನು ಹೋಗಿ ಎಲೆ ಹಿಡಿದೆ, ಕೈಗೇ ಬಂತು. ಗೆಡ್ಡೆಯನ್ನು ಹೆಬ್ಬೆರಳಲ್ಲಿ ಒತ್ತಿದರೆ ಗಂಜಿಯಂತೆ ಜಾರಿತು. ಆ ನಾತ ಮರೆಯೋದಿಲ್ಲ.

ಆದರೆ ಕೊಳೆತದ್ದಕ್ಕೆಲ್ಲ ಮಣ್ಣೇ ಕಾರಣ ಅಂತ ಫೋನಲ್ಲಿ ಕೇಳಿ ಹೇಳಲಾರೆ. ಇಲ್ಲಿ ಬೋರರ್ ಹುಳು ಕೊರೆದರೂ ಹೀಗೇ ಆಗುತ್ತದೆ. ಗೆಡ್ಡೆ ಕೊಯ್ದು ನೋಡಿ. ಒಮ್ಮೆ ಹೂ ಬಿಟ್ಟ ಗೆಡ್ಡೆ ಮತ್ತೆ ಬಿಡುವುದಿಲ್ಲ, ಪಕ್ಕದ ಮರಿಗಳು ಬಿಡುತ್ತವೆ. ಅದಕ್ಕೇ ಮೂರ್ನಾಲ್ಕು ವರ್ಷಕ್ಕೊಮ್ಮೆ ಕಿತ್ತು ಬೇರೆ ಮಾಡಬೇಕು.

ಆ ಮನೆಯಲ್ಲಿ ಮೂರು ಗಟ್ಟಿ ಮರಿ ಉಳಿದಿದ್ದವು. ಕೊಳೆತ ಭಾಗ ಕೊಯ್ದು, ಎರಡು ದಿನ ನೆರಳಲ್ಲಿ ಒಣಗಿಸಿ, ಈ ಸಲ ಅಮ್ಮನ ಕೈಯಿಂದಲೇ ನೆಡಿಸಿದೆ. ಊರಿಗೆ ಹೊರಡುವಾಗ ಒಂದು ತುಂಡು ಕೇಳಿದರು. ಗಿಡ ದೇಶ ದಾಟಿಸಲು ಅನುಮತಿ ಬೇಕು. ಅದಿರಲಿ, ಚಳಿಗಾಲದ ಕೊರೆಯುವ ಚಳಿ ಸಿಗದೆ ಇದು ಹೂ ಕಟ್ಟುವುದಿಲ್ಲ, ಸೊರಬದಲ್ಲಿ ಆ ಚಳಿ ಎಲ್ಲಿದೆ? ಕೊಡಲು ಆಗಲಿಲ್ಲ. ನೆಟ್ಟ ಮೇಲೆ ಎರಡನೇ ಮೇ ತಿಂಗಳಲ್ಲಿ ಹೂ ಬಿಟ್ಟಾಗ ಮಗಳು ವಿಡಿಯೋ ಕಾಲಲ್ಲಿ ತೋರಿಸಿದಳು. ಅಮ್ಮ ಮೊದಲು ನೋಡಿದ್ದು ಹೂವನ್ನಲ್ಲ. "ಫೋನು ಸ್ವಲ್ಪ ಕೆಳಗೆ ಹಿಡಿ, ಗೆಡ್ಡೆ ಕಾಣ್ತಿದೆಯಾ ನೋಡ್ತೀನಿ" ಅಂದರಂತೆ.