ಕಾಳಗದ ನಡುವಿನ ಒಲವು: ಶೋನೆನ್ ಮಾಂಗಾದಲ್ಲಿ ಪ್ರೇಮದ ಎಳೆ ಬೆಳೆದು ಬಂದ ಬಗೆ

ಹುಡುಗರಿಗೆಂದೇ ಬರೆದ, ಹೊಡೆದಾಟವೇ ಜೀವಾಳವಾದ ಜಪಾನಿ ಚಿತ್ರಕಥೆಗಳಾದ ‘ಶೋನೆನ್’ ಮಾಂಗಾಗಳ ಓದುಗರಲ್ಲಿ ಒಂದು ದೂರು ಬಹುಕಾಲದಿಂದ ಇದೆ. ನೂರಾರು ಅಧ್ಯಾಯಗಳಲ್ಲಿ ಮನಸ್ಸು ಬಿಚ್ಚಿ ನಾಲ್ಕು ಮಾತಾಡದ ಇಬ್ಬರು ಕೊನೆಯ ಅಧ್ಯಾಯದಲ್ಲಿ ದಂಪತಿಗಳಾಗಿ, ಮಕ್ಕಳೊಂದಿಗೆ ಕಾಣಿಸಿಕೊಳ್ಳುತ್ತಾರೆ. ಲೇಖಕರಿಗೆ ಪ್ರೇಮ ಬರೆಯಲು ಬಾರದು ಎಂದು ತೀರ್ಮಾನಿಸುವುದು ಸುಲಭ. ಆದರೆ ಈ ಕೊರತೆಯ ಬೇರನ್ನು ಹುಡುಕಬೇಕಾದರೆ ಆ ಕಥೆಗಳು ಅಚ್ಚಾಗುವ ವಾರಪತ್ರಿಕೆಗಳ ವ್ಯವಸ್ಥೆಯನ್ನೇ ನೋಡಬೇಕಾಗುತ್ತದೆ.

1968ರಲ್ಲಿ ಆರಂಭವಾದ ‘ಶೋನೆನ್ ಜಂಪ್’ ಪತ್ರಿಕೆ ಸ್ನೇಹ, ಪರಿಶ್ರಮ, ಗೆಲುವು ಎಂಬ ಮೂರನ್ನು ತನ್ನ ಧ್ಯೇಯವಾಗಿ ಸಾರುತ್ತ ಬಂದಿದೆ. ಪ್ರೇಮಕ್ಕೆ ಆ ಪಟ್ಟಿಯಲ್ಲಿ ಜಾಗವಿಲ್ಲ. ಪ್ರತಿ ಸಂಚಿಕೆಯೊಂದಿಗೆ ಬರುವ ಅಂಚೆ ಕಾರ್ಡಿನಲ್ಲಿ ಓದುಗರು ತಮಗೆ ಮೆಚ್ಚುಗೆಯಾದ ಮೂರು ಕಥೆಗಳನ್ನು ಗುರುತಿಸಿ ಕಳಿಸುತ್ತಿದ್ದರು, ಸತತವಾಗಿ ಹಿಂದೆ ಬಿದ್ದ ಧಾರಾವಾಹಿಯನ್ನು ಸಂಪಾದಕರು ನಿಲ್ಲಿಸಿಬಿಡುತ್ತಿದ್ದರು. ವಾರಕ್ಕೆ ಇಪ್ಪತ್ತಕ್ಕಿಂತ ಕಡಿಮೆ ಪುಟಗಳು ಸಿಗುವ ಲೇಖಕನೊಬ್ಬ, ಮುಂದಿನ ಏಟು ಯಾರಿಗೆ ಬೀಳುತ್ತದೆ ಎಂದು ಕಾಯುತ್ತಿರುವ ಹುಡುಗರ ಮುಂದೆ, ಇಬ್ಬರ ನಡುವಿನ ಮೌನಕ್ಕೆ ಆರು ಪುಟ ಕೊಡುವ ಧೈರ್ಯ ಮಾಡುವುದು ಕಷ್ಟವೇ ಸರಿ.

ಆದರೂ ಅದೇ 1968ರಲ್ಲಿ, ಪ್ರತಿಸ್ಪರ್ಧಿ ಪತ್ರಿಕೆ ‘ಶೋನೆನ್ ಮ್ಯಾಗಜಿನ್’ನಲ್ಲಿ ಆರಂಭವಾಗಿ 1973ರಲ್ಲಿ ಮುಗಿದ ‘ಆಶಿತಾ ನೋ ಜೋ’ ಬೇರೊಂದು ದಾರಿಯನ್ನು ತೋರಿಸಿತ್ತು. ಬಾಕ್ಸರ್ ಜೋನ ಮಿದುಳು ಏಟುಗಳಿಂದ ಜರ್ಜರಿತವಾಗಿದೆ ಎಂಬುದನ್ನು ಅರಿತ ಯೋಕೊ ಶಿರಾಕಿ, ವಿಶ್ವ ಚಾಂಪಿಯನ್ ವಿರುದ್ಧದ ಕೊನೆಯ ಪಂದ್ಯಕ್ಕೆ ಮುನ್ನ ಅವನನ್ನು ತಡೆದು, ಬಹುಕಾಲ ಅದುಮಿಟ್ಟಿದ್ದ ಪ್ರೀತಿಯನ್ನು ಹೇಳಿಕೊಳ್ಳುತ್ತಾಳೆ. ಆತ ಕೇಳಿಸಿಕೊಂಡೂ ರಿಂಗ್‌ಗೆ ಇಳಿಯುತ್ತಾನೆ. ಪಂದ್ಯ ಮುಗಿದ ಮೇಲೆ ತನ್ನ ಗ್ಲೌಸ್‌ಗಳನ್ನು ಅವಳ ಕೈಗೆ ಕೊಡುತ್ತಾನೆ. ಇಲ್ಲಿ ಪ್ರೇಮಕ್ಕೆ ಸಿಕ್ಕ ಪುಟಗಳು ಬಹಳ ಕಡಿಮೆ. ಆದರೆ ಅವಳ ಮಾತು ಕಾದಾಟದ ಕೇಂದ್ರ ಪ್ರಶ್ನೆಯನ್ನೇ ಮುಟ್ಟುತ್ತದೆ, ಅವನ ಉತ್ತರವೂ ಕಾದಾಟದ ಮೂಲಕವೇ ಬರುತ್ತದೆ. ಪ್ರೇಮದ ಎಳೆ ನಂಬಿಕೆ ಹುಟ್ಟಿಸುವುದು ಪುಟಗಳ ಲೆಕ್ಕದಿಂದಲ್ಲ, ಕಾಳಗ ನಡೆಯುವ ನಿಯಮಕ್ಕೆ ಅದೂ ಒಳಪಟ್ಟಾಗ ಎಂಬುದು ನನ್ನ ಅಭಿಪ್ರಾಯ.

1984ರಲ್ಲಿ ಶುರುವಾದ ‘ಡ್ರ್ಯಾಗನ್ ಬಾಲ್’ ಈ ತೊಡಕನ್ನು ನಗುವಿನಿಂದ ದಾಟಿತು. ಮದುವೆ ಎಂದರೆ ಏನೆಂದು ತಿಳಿಯದೆ ಬಾಲ್ಯದಲ್ಲಿ ಮಾತು ಕೊಟ್ಟಿದ್ದ ಕಥಾನಾಯಕ ಗೋಕು, ಸಮರಕಲೆಯ ಪಂದ್ಯದ ಕಣದಲ್ಲಿಯೇ ಚಿಚಿಯನ್ನು ಒಪ್ಪಿಕೊಳ್ಳುತ್ತಾನೆ. ಗೋಕುವಿನ ಗೆಳತಿ ಬುಲ್ಮಾ ಮತ್ತು ಅವನ ಪ್ರತಿಸ್ಪರ್ಧಿ ವೆಜಿಟಾ ಹತ್ತಿರವಾದದ್ದು ಹೇಗೆಂಬುದನ್ನಂತೂ ಕಥೆ ತೋರಿಸುವುದೇ ಇಲ್ಲ. ಭವಿಷ್ಯದಿಂದ ಬಂದ ಮಗನ ಬಾಯಿಂದ ಆ ಸುದ್ದಿ ತಿಳಿಯುತ್ತದೆ. ಹಾಸ್ಯದ ಹದವಿದ್ದುದರಿಂದ ಅಲ್ಲಿ ಇದು ಒಪ್ಪಿತವಾಯಿತು. ಅದೇ ಜಾಡು ಹಿಡಿದ ಗಂಭೀರ ಕಥೆಗಳಿಗೆ ಆ ರಿಯಾಯಿತಿ ಸಿಗಲಿಲ್ಲ.

1999ರಿಂದ 2014ರವರೆಗೆ ನಡೆದ ‘ನರುಟೊ’ದಲ್ಲಿ ಕಥಾನಾಯಕ ನರುಟೊನ ಮೇಲೆ ಹಿನಾಟಾಳಿಗಿದ್ದ ಒಲವನ್ನು ಬಹಳ ಜತನದಿಂದಲೇ ಕಟ್ಟಲಾಗಿದೆ. ಸೋಲೊಪ್ಪದ ಅವನ ಛಲವನ್ನು ನೋಡಿ ಅವಳು ತಾನೂ ಎದ್ದು ನಿಲ್ಲುತ್ತಾಳೆ. ಶತ್ರು ಪೇಯ್ನ್‌ನ ಎದುರು ಸಾವು ಖಚಿತವೆಂದು ಗೊತ್ತಿದ್ದೂ ಅಡ್ಡ ನಿಂತು ಪ್ರೀತಿಯನ್ನು ಹೇಳುತ್ತಾಳೆ. ಆದರೆ ಆ ಮಾತಿಗೆ ನರುಟೊ ಏನೆಂದ? ಕಥೆ ಅದನ್ನು ಅಲ್ಲಿಗೇ ಬಿಟ್ಟು ಯುದ್ಧದತ್ತ ನಡೆಯುತ್ತದೆ, ಅಂತಿಮ ಅಧ್ಯಾಯದ ಹೊತ್ತಿಗೆ ಅವರಿಗೆ ಇಬ್ಬರು ಮಕ್ಕಳಿರುತ್ತಾರೆ. ಅವನ ಮನಸ್ಸು ಅವಳತ್ತ ತಿರುಗಿದ ಬಗೆಯನ್ನು ಹೇಳಲು 2014ರ ಡಿಸೆಂಬರ್‌ನಲ್ಲಿ ಬೇರೆಯೇ ಒಂದು ಚಲನಚಿತ್ರ ಬರಬೇಕಾಯಿತು. 2016ರಲ್ಲಿ ಮುಗಿದ ‘ಬ್ಲೀಚ್’ ಕೂಡ ವರ್ಷಗಳನ್ನು ಹಾರಿಸಿ ಜೋಡಿಗಳನ್ನು ಮುಂದಿಟ್ಟಿತು, ಅಭಿಮಾನಿಗಳ ನಡುವಿನ ಜಗಳ ಇಂದಿಗೂ ಆರಿಲ್ಲ.

ಹಿರೋಮು ಅರಕಾವಾ ಅವರ ‘ಫುಲ್‌ಮೆಟಲ್ ಆಲ್ಕೆಮಿಸ್ಟ್’ 2001ರಿಂದ 2010ರವರೆಗೆ ಪ್ರಕಟವಾದದ್ದು ಮಾಸಪತ್ರಿಕೆಯಲ್ಲಿ. ವಾರದ ಗಡಿಬಿಡಿ ಇಲ್ಲದಿದ್ದುದು ನೆರವಾಗಿರಬಹುದು. ಆದರೆ ಅವರ ಜಾಣ್ಮೆ ಇರುವುದು ನಾಯಕಿ ವಿನ್ರಿಯ ಕಸುಬಿನ ಆಯ್ಕೆಯಲ್ಲಿ. ಕಥಾನಾಯಕ ಎಡ್ವರ್ಡ್‌ನ ಲೋಹದ ಕೈಕಾಲುಗಳನ್ನು ತಯಾರಿಸುವವಳು ಅವಳೇ ಆದ್ದರಿಂದ, ಕಾಳಗದಲ್ಲಿ ಅವು ಮುರಿದಾಗ ಅವನು ಅವಳ ಬಳಿಗೇ ಮರಳಬೇಕು, ಬೈಸಿಕೊಳ್ಳಬೇಕು, ರಿಪೇರಿ ಆಗುವವರೆಗೆ ಕಾಯಬೇಕು. ಹೀಗೆ ಪ್ರೇಮದ ದೃಶ್ಯಕ್ಕೆಂದು ಕಥೆಯನ್ನು ನಿಲ್ಲಿಸುವ ಪ್ರಮೇಯವೇ ಬರುವುದಿಲ್ಲ. ತನ್ನ ತಂದೆತಾಯಿಯನ್ನು ಕೊಂದವನತ್ತ ಅವಳು ಪಿಸ್ತೂಲು ಎತ್ತಿದಾಗ, ಎಡ್ವರ್ಡ್ ನಡುವೆ ಬಂದು, ನಿನ್ನ ಕೈ ಇರುವುದು ಜೀವ ಕೊಡುವುದಕ್ಕೆ ಎಂಬರ್ಥದ ಮಾತಾಡುತ್ತಾನೆ. ಆ ಕೈ ಕೊಟ್ಟ ಕಾಲಿನ ಮೇಲೆ ನಿಂತವನು ಅವನೇ ಆದ್ದರಿಂದ ಮಾತಿಗೆ ತೂಕ ಬರುತ್ತದೆ. ಕೊನೆಯಲ್ಲಿ, ಊರಿನ ರೈಲು ನಿಲ್ದಾಣದಲ್ಲಿ, ತನ್ನ ಬದುಕಿನ ಅರ್ಧವನ್ನು ಕೊಡುತ್ತೇನೆ, ನಿನ್ನದರ ಅರ್ಧವನ್ನು ಕೊಡು ಎಂದು ಅವನು ಕೇಳುವುದು ಇಡೀ ಕಥೆಯನ್ನು ಆಳಿದ ಸಮಾನ ವಿನಿಮಯದ ಸೂತ್ರದ ಪ್ರಕಾರವೇ. ಅರ್ಧವೇಕೆ, ಪೂರ್ತಿ ಕೊಡುತ್ತೇನೆ ಎಂದವಳು, ತಕ್ಷಣ ಲೆಕ್ಕ ಬದಲಿಸಿ ಚೌಕಾಸಿಗಿಳಿದು ಶೇಕಡಾ 85ಕ್ಕೆ ಬಂದು ನಿಲ್ಲುತ್ತಾಳೆ.

ಪ್ರೇಮ ಬೇಡವೆಂದು ಮೊದಲೇ ನಿರ್ಧರಿಸುವುದೂ ಪ್ರಾಮಾಣಿಕವೇ. ಕಡಲ್ಗಳ್ಳರ ಕಥೆ ‘ಒನ್ ಪೀಸ್’ನ ಲೇಖಕ ಎಯಿಚಿರೊ ಓಡಾ, ಹಡಗಿನವರೆಲ್ಲರೂ ಸಾಹಸವನ್ನೇ ಪ್ರೀತಿಸುತ್ತಾರೆ ಎಂದು ಓದುಗರಿಗೆ ಉತ್ತರಿಸಿ ಆ ಬಾಗಿಲನ್ನು ಮುಚ್ಚಿಬಿಟ್ಟರು. 2019ರಲ್ಲಿ ಡಿಜಿಟಲ್ ವೇದಿಕೆ ‘ಜಂಪ್ ಪ್ಲಸ್’ನಲ್ಲಿ ಶುರುವಾದ ‘ಸ್ಪೈ ಫ್ಯಾಮಿಲಿ’ ಇದಕ್ಕೆ ತದ್ವಿರುದ್ಧವಾಗಿ ಆರಂಭದಲ್ಲಿಯೇ ಮದುವೆ ಮಾಡಿಸಿಬಿಡುತ್ತದೆ: ಗಂಡ ಗೂಢಚಾರ, ಹೆಂಡತಿ ಬಾಡಿಗೆ ಹಂತಕಿ, ದಾಂಪತ್ಯ ಸುಳ್ಳು. ಅಲ್ಲಿನ ಪ್ರತಿಯೊಂದು ಕಾರ್ಯಾಚರಣೆಯೂ ಆ ಮನೆಯ ಗುಟ್ಟನ್ನು ರಟ್ಟು ಮಾಡಬಲ್ಲದು. ಆದ್ದರಿಂದ ಹೊಡೆದಾಟಕ್ಕೆಂದೇ ಬಂದ ಓದುಗನೂ, ಈ ಇಬ್ಬರು ಒಬ್ಬರಿಗೊಬ್ಬರು ನಿಜ ಹೇಳುವುದು ಯಾವಾಗ ಎಂದು ಕಾಯಲೇಬೇಕಾಗುತ್ತದೆ.